ಓದುಗರ ಪ್ರಶ್ನೆ: ಮೊಬೈಲ್ ನೆಟ್‌ವರ್ಕಿಗೆ ವಿದೇಶಿ ಉಪಕರಣ ಹಾಕಿದರೆ ನಮ್ಮ ಮಾತೆಲ್ಲ ಆ ದೇಶಕ್ಕೆ ಹೋಗುತ್ತಾ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಬರುತ್ತಲೇ ಇದೆ. ಇಲ್ಲ, ತಾನಾಗಿ ಹೋಗುವುದಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ತೋರಿಸಿ.

ಷೇರು ಹಾಕಿದ ಕಂಪನಿ, ಉಪಕರಣ ಮಾರಿದ ಕಂಪನಿ, ಗುತ್ತಿಗೆ ಮೇಲೆ ನೆಟ್‌ವರ್ಕ್ ನಡೆಸಿಕೊಡುವ ಕಂಪನಿ, ಈ ಮೂರೂ ಬೇರೆ ಬೇರೆ. ದಿನವೂ ಸ್ವಿಚ್ಚಿಗೆ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರಕ್ಕೆ, ಲಾಗಿನ್ ಆಗುವವರು ಮೂರನೆಯವರು. ಜನ ಬೈಯುವುದು ಮಾತ್ರ ಮೊದಲ ಇಬ್ಬರನ್ನು.

ಕರೆ ಟವರ್‌ನಿಂದ ಆಪರೇಟರ್‌ನ, ಅಂದರೆ ನಮಗೆ ಸಿಮ್ ಕೊಟ್ಟ ಕಂಪನಿಯ, ಕೋರ್ ನೆಟ್‌ವರ್ಕಿಗೆ (ಕೇಂದ್ರ ಭಾಗಕ್ಕೆ) ಹೋಗುತ್ತದೆ. ಅಲ್ಲಿಂದ ಯಾವ ದಾರಿ ಅನ್ನೋದನ್ನು ತೀರ್ಮಾನಿಸುವುದು ಆಪರೇಟರ್. ಎಲ್ಲರ ಮಾತು, ಡೇಟಾದ ಇನ್ನೊಂದು ಪ್ರತಿ ಗಡಿ ದಾಟಬೇಕಾದರೆ ಅಷ್ಟೇ ದೊಡ್ಡ ಲಿಂಕ್ ಬೇಕಲ್ವಾ? ಅಷ್ಟು ಟ್ರಾಫಿಕ್ ಯಾರ ಕಣ್ಣಿಗೂ ಬೀಳದೆ ಹೋಗುವುದು ಸಾಧ್ಯವಿಲ್ಲ.

ನಿಜವಾದ ಕದ್ದಾಲಿಕೆ ಹೇಗಿರುತ್ತದೆ ಅಂತ ಗ್ರೀಸ್‌ನಲ್ಲಿ ನೋಡಿ. 2004-05ರಲ್ಲಿ ಅಲ್ಲಿನ ವೊಡಾಫೋನ್ ನೆಟ್‌ವರ್ಕ್‌ನಲ್ಲಿ ಪ್ರಧಾನಿಯದೂ ಸೇರಿ ನೂರಕ್ಕೂ ಹೆಚ್ಚು ಫೋನ್‌ಗಳನ್ನು ಯಾರೋ ಕೇಳುತ್ತಿದ್ದರು. ಸ್ವಿಚ್ ಸ್ವೀಡನ್ನಿನ ಎರಿಕ್ಸನ್‌ದು. ಪೊಲೀಸರ ಕಾನೂನುಬದ್ಧ ಕದ್ದಾಲಿಕೆಗೆಂದು ಅದರಲ್ಲಿದ್ದ ಸೌಲಭ್ಯವನ್ನೇ ಒಂದು ಕಳ್ಳ ಪ್ರೋಗ್ರಾಂ ಗುಟ್ಟಾಗಿ ಚಾಲೂ ಮಾಡಿತ್ತು. ಕರೆಗಳ ಪ್ರತಿ ಸ್ವೀಡನ್ನಿಗೆ ಹೋಗಲಿಲ್ಲ, ಅಥೆನ್ಸ್‌ನಲ್ಲೇ ಇದ್ದ ಕೆಲವು ಪ್ರೀಪೇಯ್ಡ್ ಮೊಬೈಲ್‌ಗಳಿಗೆ ಹೋಯಿತು. ಕೆಲವು ಎಸ್‌ಎಂಎಸ್ ತಲುಪುತ್ತಿಲ್ಲ ಅಂತ ಹುಡುಕಹೊರಟಾಗ ಇದು ಸಿಕ್ಕಿಬಿತ್ತು, ಪತ್ತೆ ಮಾಡಿದ್ದು ಎರಿಕ್ಸನ್ನೇ!

2024ರಲ್ಲಿ ಅಮೆರಿಕದ ಎಟಿ ಅಂಡ್ ಟಿ, ವೆರಿಝಾನ್ ನೆಟ್‌ವರ್ಕ್‌ಗಳಿಗೆ ನುಗ್ಗಿದ್ದು ಚೀನಾದ ಹ್ಯಾಕರ್‌ಗಳು ಎಂದು ಅಲ್ಲಿನ ಸರ್ಕಾರ ಹೇಳಿತು. ಒಳಗೆ ಬರಲು ಅವರಿಗೆ ಚೀನಾದ ಉಪಕರಣ ಬೇಕಾಗಲಿಲ್ಲ.

ಹಾಗಂತ ವಿದೇಶಿ ಕಂಪನಿ ಅಂದರೆ ಭಯವೇ ಬೇಡ ಅಂತ ನಾನು ಹೇಳುತ್ತಿಲ್ಲ. ದೂರದಿಂದ ರಿಪೇರಿ ಮಾಡಲು ಕೊಟ್ಟ ಲಾಗಿನ್, ಪರೀಕ್ಷೆ ಮಾಡದೆ ಹಾಕಿದ ಅಪ್‌ಡೇಟ್, ಇವು ನಿಜವಾದ ಬಾಗಿಲುಗಳು. ಚೀನಾದ ಹುವಾವೇ ಕಂಪನಿಯ ಉಪಕರಣ ಪರೀಕ್ಷಿಸಲೆಂದೇ ಬ್ರಿಟನ್ನಿನಲ್ಲಿ 2010ರಿಂದ ಒಂದು ಕೇಂದ್ರ ಇತ್ತು; ಅದು ಹುವಾವೇದೇ, ಉಸ್ತುವಾರಿ ಮಾತ್ರ ಬ್ರಿಟನ್ ಸರ್ಕಾರದ್ದು. ಆ ಉಸ್ತುವಾರಿ ಮಂಡಳಿ 2019ರ ವರದಿಯಲ್ಲಿ ಸಾಲುಸಾಲು ದೋಷ ಹೇಳಿದ್ದರೂ, ಅವು ಚೀನಾ ಸರ್ಕಾರದ ಕೈವಾಡ ಅನ್ನಲಿಲ್ಲ. ಕೋಡ್ ಬರೆದ ರೀತಿಯೇ ಕಳಪೆ ಅಂದಿತು. ಮರುವರ್ಷ ಅದೇ ಬ್ರಿಟನ್, 2027ರ ಕೊನೆಯೊಳಗೆ 5ಜಿಯಿಂದ ಹುವಾವೇ ಹೊರಗೆ ಹೋಗಬೇಕು ಅಂತ ಆದೇಶಿಸಿತು. ಅಮೆರಿಕದ ನಿರ್ಬಂಧದಿಂದ ಹುವಾವೇಗೆ ಎಂದಿನ ಚಿಪ್‌ಗಳು ಸಿಗುವಂತಿರಲಿಲ್ಲ, ತಕ್ಷಣದ ಕಾರಣ ಅದೇ.

ಯಾರೂ ಕೇಳದ ಪ್ರಶ್ನೆಯೊಂದಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು: ಕದ್ದು ಕೇಳುವವರು ಇಲ್ಲದೆಯೂ ನೆಟ್‌ವರ್ಕ್ ನಿಂತರೆ? 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಮೊಬೈಲ್ ನೆಟ್‌ವರ್ಕ್‌ಗಳು ಒಂದೇ ದಿನ ಕೈಕೊಟ್ಟವು. ಎರಿಕ್ಸನ್ ಸಾಫ್ಟ್‌ವೇರ್‌ನ ಒಂದು ಡಿಜಿಟಲ್ ಸರ್ಟಿಫಿಕೇಟ್‌ನ (ಸಾಫ್ಟ್‌ವೇರ್‌ನ ಗುರುತುಪತ್ರದ) ಅವಧಿ ಮುಗಿದಿತ್ತು, ಅಷ್ಟೇ. ದೇಶದ ಮೊಬೈಲ್ ನೆಟ್‌ವರ್ಕ್ ಕಟ್ಟಬಲ್ಲ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಹುವಾವೇ, ಎರಿಕ್ಸನ್, ನೋಕಿಯಾ, ಝಡ್‌ಟಿಇ, ಸ್ಯಾಮ್‌ಸಂಗ್. ಇವುಗಳಲ್ಲಿ ಚೀನಾದ ಎರಡನ್ನು (ಹುವಾವೇ, ಝಡ್‌ಟಿಇ) ಹೊರಗಿಟ್ಟ ದೇಶ ಉಳಿದ ಮೂರರ ಮೇಲೆ ಇನ್ನೂ ಜಾಸ್ತಿ ಭಾರ ಹಾಕುತ್ತದೆ.