ಕಾಲೊರಸು ಗುಂಡಿಯಾಗಿ ಕಾಣುವಾಗ

ಡಿಮೆನ್ಷಿಯಾ (ನೆನಪು, ಅರಿವು ಕ್ರಮೇಣ ಕುಂದುವ ಕಾಯಿಲೆ) ಇರುವವರ ಮನೆಯವರು ನನ್ನಲ್ಲಿಗೆ ಬಂದಾಗ ಸಾಮಾನ್ಯವಾಗಿ ಮಾತ್ರೆ ಕೇಳುತ್ತಾರೆ. “ಬಾಗಿಲ ಹತ್ತಿರ ನಿಂತುಬಿಡುತ್ತಾರೆ, ಎಷ್ಟು ಕರೆದರೂ ಕಾಲು ಮುಂದಿಡುವುದಿಲ್ಲ, ಹಟ ಜಾಸ್ತಿಯಾಗಿದೆ” ಎನ್ನುತ್ತಾರೆ. ಬಾಗಿಲ ಮುಂದೆ ಏನು ಹಾಸಿದ್ದೀರಿ ಎಂದು ನಾನು ಕೇಳುತ್ತೇನೆ. ಎಷ್ಟೋ ಸಲ ಅಲ್ಲೊಂದು ಕಪ್ಪು ಕಾಲೊರಸು ಇರುತ್ತದೆ. ಆಳ ಅಳೆಯುವ ಶಕ್ತಿ ಕುಂದಿದ ಮಿದುಳಿಗೆ ಅದು ಗುಂಡಿಯಾಗಿ ಕಾಣಬಹುದು. ಗುಂಡಿ ಕಂಡವರು ನಿಲ್ಲದೆ ಇನ್ನೇನು ಮಾಡಿಯಾರು? ಹಾಗೆಯೇ ಮಿರಮಿರ ಹೊಳೆಯುವ ನೆಲ ನೀರು ನಿಂತಂತೆ ಕಾಣುತ್ತದೆ, ರಾತ್ರಿ ಕಿಟಕಿಯ ಗಾಜಿನಲ್ಲಿ ಮೂಡಿದ ತಮ್ಮದೇ ಮುಖ ಯಾರೋ ನುಗ್ಗಿದಂತೆ ಹೆದರಿಸುತ್ತದೆ.

ವ್ಯಕ್ತಿಯ ಸಾಮರ್ಥ್ಯ ಕುಗ್ಗಿದಷ್ಟೂ ಸುತ್ತಲಿನ ಪರಿಸರದ ಒತ್ತಡ ಹೆಚ್ಚು ತಟ್ಟುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪೊವೆಲ್ ಲಾಟನ್ ವಿವರಿಸಿದ್ದರು. ಲೂಸಿಲ್ ನಾಹೆಮೊವ್ ಜೊತೆ 1973ರಲ್ಲಿ ಅವರು ಮಂಡಿಸಿದ ಮಾದರಿಯ ಇನ್ನೊಂದು ಭಾಗವನ್ನು ನಾವು ಮರೆಯುತ್ತೇವೆ: ಒತ್ತಡ ತೀರಾ ಇಲ್ಲವಾದರೂ ಮನುಷ್ಯ ಕುಗ್ಗುತ್ತಾನೆ. ಅಪಾಯದ ಭಯದಿಂದ ಎಲ್ಲವನ್ನೂ ತೆಗೆದು ಬರಿದು ಮಾಡಿದ ಕೋಣೆಯೂ ಹಿಂಸೆಯೇ.

ಬೆಳಕಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ (ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರಕ್ಕೆ) ಇಪ್ಪತ್ತರ ಹರೆಯದವರಿಗೆ ತಲುಪುವ ಬೆಳಕಿನ ಸುಮಾರು ಮೂರರಲ್ಲೊಂದು ಪಾಲು ಮಾತ್ರ ತಲುಪುತ್ತದೆ. ನೆದರ್‌ಲೆಂಡ್ಸ್‌ನ 12 ಆರೈಕೆ ಕೇಂದ್ರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಗಲಿಡೀ ಸುಮಾರು 1000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಪಡೆದ ನಿವಾಸಿಗಳಲ್ಲಿ ಖಿನ್ನತೆಯ ಲಕ್ಷಣಗಳು ತಗ್ಗಿದವು, ಅರಿವಿನ ಕುಸಿತವೂ ತುಸು ನಿಧಾನವಾಯಿತು. ಲಾಭ ಸಣ್ಣದು, ಆದರೆ ದೀಪ ಮಾತ್ರೆಗಿಂತ ಸೌಮ್ಯ.

ಬಣ್ಣದ ವ್ಯತ್ಯಾಸವೂ ಮುಖ್ಯ. ಬಿಳಿ ತಟ್ಟೆಯಲ್ಲಿ ಬಿಳಿ ಆಹಾರ ಕಣ್ಣಿಗೇ ಬೀಳುವುದಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದರಲ್ಲಿ, ಗಾಢ ಕೆಂಪು ತಟ್ಟೆ ಲೋಟ ಕೊಟ್ಟಾಗ ಆಹಾರ ಸೇವನೆ 25% ಮತ್ತು ದ್ರವ ಸೇವನೆ 84% ಹೆಚ್ಚಿತು. ಶೌಚಾಲಯಕ್ಕೂ ಇದೇ ಸೂತ್ರ: ಸೀಟಿನ ಬಣ್ಣ ಬೇರೆಯಿರಲಿ, ಹಾಸಿಗೆಯಿಂದಲೇ ಬಾಗಿಲು ಕಾಣಲಿ.

ಇನ್ನು ವಸ್ತುಗಳು. ಮನೆಯಿಂದ ಹೊರಗೇ ಹೋಗದವರಿಗೆ ಕೈಚೀಲ ಏಕೆ, ಬೀಗದಕೈ ಗೊಂಚಲು ಏಕೆ ಎಂದು ಮಕ್ಕಳು ತೆಗೆದಿಡುತ್ತಾರೆ. ಅಂದಿನಿಂದ ಹುಡುಕಾಟ ಶುರು, ಕಳ್ಳತನದ ಆರೋಪ ಶುರು. ದಯವಿಟ್ಟು ಹಿಂದಿರುಗಿಸಿ. ದಶಕಗಳ ಕಾಲ ಹೆಗಲಲ್ಲಿದ್ದ ಚೀಲ, ಆ ಮನುಷ್ಯ ತಾನು ಯಾರೆಂದು ಹಿಡಿದುಕೊಳ್ಳುವ ಆಸರೆ. ಆರೈಕೆ ಕೇಂದ್ರಕ್ಕೆ ಸೇರಿಸುವುದಾದರೆ ಅವರ ಕುರ್ಚಿ, ಹೊದಿಕೆ ಮೊದಲೇ ಹೋಗಿ ಕೋಣೆಯಲ್ಲಿರಲಿ. ಬಾಗಿಲಿಗೆ ಅಂಟಿಸುವ ಫೋಟೊ ಅವರ ಯೌವನದ್ದಾಗಿದ್ದರೆ ಒಳ್ಳೆಯದು. ಇಂದಿನ ಮುಖವನ್ನು ಹಲವರು ಗುರುತಿಸುವುದಿಲ್ಲ. ಕೆಲವರಿಗೆ ಗೊಂಬೆ ನೆಮ್ಮದಿ ಕೊಡುತ್ತದೆ, ಮನೆಯವರಿಗೆ ಅದು ಅವಮಾನವೆನಿಸುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಕೈಗೆ ತುರುಕಬೇಡಿ, ಕಣ್ಣಿಗೆ ಬೀಳುವಂತೆ ಇಡಿ, ಅವರಾಗಿಯೇ ಎತ್ತಿಕೊಂಡರೆ ತಡೆಯಬೇಡಿ.

ಇದನ್ನೆಲ್ಲ ಒಂದೇ ದಿನ ಮಾಡಬೇಡಿ, ಬದಲಾವಣೆಯೇ ಅವರಿಗೆ ಭಾರ. ಒಂದನ್ನು ಬದಲಿಸಿ, ಕೆಲವು ದಿನ ಗಮನಿಸಿ, ಆಮೇಲೆ ಇನ್ನೊಂದು. ಆದರೆ ಗೊಂದಲ ಒಂದೆರಡು ದಿನಗಳಲ್ಲೇ ದಿಢೀರನೆ ಏರಿದ್ದರೆ ಕಾರಣವನ್ನು ಮನೆಯಲ್ಲಿ ಹುಡುಕುತ್ತಾ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೋವು, ಹೊಸ ಔಷಧಿ ಹೀಗೆ ಏನಾದರೂ ಇರಬಹುದು. ಅಂದೇ ವೈದ್ಯರಿಗೆ ತೋರಿಸಿ.