ಗ್ರೀಕಿನ ಒಂದು, ಆರು ಮತ್ತು ತಲೆಮೇಲಿನ ಕೊಕ್ಕೆ

ಹಳೆಯ ಗ್ರೀಕ್ ಸಂಖ್ಯೆಗಳನ್ನು ಅರ್ಧ ದಿನದಲ್ಲಿ ಮುಗಿಸಬಹುದು ಅಂದುಕೊಂಡಿದ್ದೆ. ಪೆಂತೆ ಅಂದರೆ ಪಂಚ, ಹೆಪ್ತ ಅಂದರೆ ಸಪ್ತ, ಒಕ್ತೋ ಅಷ್ಟ, ದೆಕ ದಶ. ಅರ್ಧ ಪಾಠ ನಮಗೆ ಗೊತ್ತಿರುವುದೇ. ಒಂದರಿಂದ ನಾಲ್ಕರವರೆಗೆ ವಿಭಕ್ತಿ ರೂಪಗಳಿವೆ. ಐದರಿಂದ ನೂರರವರೆಗೆ ಇಲ್ಲ (21ರಂಥದ್ದರಲ್ಲಿ ಆ ಒಂದು ಮಾತ್ರ ಬದಲಾಗುತ್ತೆ). ಇನ್ನೂರರಿಂದ ಮತ್ತೆ ಶುರು.

ನಾನು ಮುಗ್ಗರಿಸಿದ್ದು ಗ್ರೀಕ್ ಲೇಖಕ ಕ್ಸೆನೊಫೋನನ ದಂಡಯಾತ್ರೆಯ ಕಥನ ಅನಾಬಸಿಸ್ ಓದುವಾಗ. ಸೈನ್ಯ ಫ್ರಿಜಿಯಾ (ಈಗಿನ ಟರ್ಕಿಯ ಒಂದು ಭಾಗ) ದಾಟುತ್ತಿದೆ: 'ಸ್ತಥ್ಮೊನ್ ಹೆನ, ಪರಸಙ್ಗಾಸ್ ಒಕ್ತೋ, ಏಸ್ ಕೊಲೊಸ್ಸಾಸ್'. ಒಂದು ದಿನದ ನಡೆ, ಎಂಟು ಪರಸಂಗ (ಪರ್ಷಿಯನ್ನರ ದೂರದ ಅಳತೆ), ಆಮೇಲೆ... 'ಒಂದು ಕೊಲೊಸ್ಸೆ'? ಊರನ್ನು ಯಾಕೆ ಎಣಿಸುತ್ತಿದ್ದಾನೆ ಅಂತ ಹತ್ತು ನಿಮಿಷ ತಲೆ ಕೆರೆದುಕೊಂಡೆ. ಅದು ಹೇಸ್ (ಒಬ್ಬ) ಅಲ್ಲ, ಏಸ್. ಅಂದರೆ 'ಕೊಲೊಸ್ಸೆಗೆ'. ಎರಡಕ್ಕೂ ಅಕ್ಷರ ಅವೇ.

ಹಳೆಯ ಗ್ರೀಕಿನ ಅಚ್ಚಿನಲ್ಲಿ ಹಕಾರಕ್ಕೆ ಬೇರೆ ಅಕ್ಷರ ಇಲ್ಲ, ಸ್ವರದ ಮೇಲೆ ಒಂದು ಪುಟ್ಟ ಕೊಕ್ಕೆ ಅಷ್ಟೆ. ಬಾಯಿ ಬಲಕ್ಕಿದ್ದರೆ ಹ ಇದೆ, ಎಡಕ್ಕಿದ್ದರೆ ಇಲ್ಲ. ಸಣ್ಣಕ್ಷರದ ಪುಸ್ತಕದಲ್ಲಿ ಎರಡೂ ನೊಣದ ಕಾಲಿನಂತೆ ಕಾಣುತ್ತವೆ. ಸಂಖ್ಯೆಗಳಲ್ಲಿ ಇಂಥ ಜೋಡಿ ಒಟ್ಟು ಮೂರು:

ಹೇಸ್ ಒಬ್ಬ, ಏಸ್ ಒಳಕ್ಕೆ.
ಹೆನ್ ಒಂದು, ಎನ್ ಒಳಗೆ.
ಹೆಕ್ಸ್ ಆರು, ಎಕ್ಸ್ ಒಳಗಿಂದ.

ನನ್ನ ಉಪಾಯ: ಕೊಕ್ಕೆಯ ದಿಕ್ಕು ನೋಡಲು ಹೋಗಬೇಡಿ, ಪಕ್ಕದಲ್ಲಿ ಇನ್ನೊಂದು ಗುರುತು ಇದೆಯಾ ನೋಡಿ. ಸಂಖ್ಯೆಯ ಮೇಲೆ ಸ್ವರಭಾರದ ಗೀಟು ಇರುತ್ತೆ. ಒಳಗೆ-ಹೊರಗೆ ಹೇಳುವ ಮೂರಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಅವು ಮುಂದಿನ ಪದಕ್ಕೆ ಅಂಟಿಕೊಂಡೇ ಉಚ್ಚಾರವಾಗುತ್ತವೆ. ಎರಡು ಗುರುತು ಕಂಡರೆ ಎಣಿಸಿ, ಒಂದೇ ಇದ್ದರೆ ನಡೆಯಿರಿ. ಇದು ಸಿಕ್ಕಿದ ಮೇಲೆ ನಾನು ಕೊಕ್ಕೆಯನ್ನು ಸರಿಯಾಗಿ ನೋಡಿದ್ದೇ ಕಡಿಮೆ.

ಇನ್ನು ಲಿಂಗ. ಹೇಸ್, ಮಿಅ, ಹೆನ್ ಅಂದರೆ ನಮ್ಮ ಒಬ್ಬ, ಒಬ್ಬಳು, ಒಂದು. ಎಷ್ಟು ಚೆಂದ ಹೊಂದಿತು ಅಂತ ಖುಷಿಪಟ್ಟೆ, ಮರುಕ್ಷಣವೇ ಎಡವಟ್ಟು. ಅವರಿಗೆ ಮನೆಯೂ (ಒಇಕಿಅ) ಸ್ತ್ರೀಲಿಂಗ, ಹಾಗಾಗಿ 'ಒಬ್ಬಳು ಮನೆ' ಅನ್ನಬೇಕು. ಮೂರಕ್ಕೆ ಬಂದರೆ ಪರವಾಗಿಲ್ಲ: ಗಂಡು-ಹೆಣ್ಣಿಗೆ ಒಂದೇ ತ್ರೇಸ್, ನಪುಂಸಕಕ್ಕೆ ತ್ರಿಅ. ಮೂವರು, ಮೂರು ಇದ್ದಂತೆ. ಇಲ್ಲೂ ಮನೆ ಮಾತ್ರ ಮೂವರ ಗುಂಪಿಗೇ ಸೇರುತ್ತೆ ಅನ್ನೋದು ಮರೆಯಬೇಡಿ.

ಮಿಅಕ್ಕೆ ಯಾಕೆ ಹ ಇಲ್ಲ? ಗ್ರೀಕಿನ ಈ 'ಒಂದು' ಸಂಸ್ಕೃತದ 'ಏಕ'ದ ನೆಂಟ ಅಲ್ಲ, 'ಸಕೃತ್' (ಒಂದು ಸಲ) ಪದದಲ್ಲಿರುವ ಸಕಾರದ ಕಡೆಯದು. ಗ್ರೀಕಿನಲ್ಲಿ ಪದದ ಮೊದಲ ಸ, ಸ್ವರದ ಮುಂದೆ ಹ ಆಯಿತು, ನಮ್ಮ ಸಪ್ತಕ್ಕೆ ಅವರಲ್ಲಿ ಹೆಪ್ತ ಇರುವ ಹಾಗೆ. ಹೆಣ್ಣಿನ ರೂಪ ಮೊದಲು 'ಸ್ಮಿಅ'. ಅಲ್ಲಿ ಸಕಾರದ ಮುಂದಿದ್ದದ್ದು ಮ, ಸುಮ್ನೆ ಉದುರಿಹೋಯಿತು. ನಮ್ಮಲ್ಲಿ ಪಕಾರ ಹ ಆಗಿ 'ಪತ್ತು' ಹತ್ತಾಯಿತಲ್ವಾ, ಅವರದು ಸಕಾರದ ಕಥೆ.