ಹೆಪಟೈಟಿಸ್ ಸಿ ಇದ್ದವರ ಮರೆವು: ಮನೆಯವರನ್ನೂ ಕೇಳಬೇಕು

ರಾಯಚೂರಿನ ಹತ್ತಿ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರು ಹೆಪಟೈಟಿಸ್ ಸಿ ಪಾಸಿಟಿವ್ ಎಂಬ ವರದಿ ಹಿಡಿದು ಬಂದಿದ್ದರು. ಲಿವರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಸರ್, ಮೊದಲು ಇಡೀ ತೂಕದ ಪಟ್ಟಿಯನ್ನು ಬಾಯಲ್ಲೇ ಕೂಡಿಸುತ್ತಿದ್ದೆ. ಈಗ ಹತ್ತು ಸಾಲು ಮೂರು ಸಲ ಕೂಡಿಸಿದರೆ ಮೂರು ಮೊತ್ತ ಬರುತ್ತದೆ" ಎಂದರು. ಇವರು ಕುಡಿಯಲು ಕಲಿತಿದ್ದಾರೆ ಎಂದು ಸಾಹುಕಾರರಿಗೆ ಅನುಮಾನ. ಹಿಂದೆ ತೋರಿಸಿದ ಕಡೆ "ಟೆನ್ಷನ್" ಎಂದು ಹೇಳಿ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದ್ದರಂತೆ. (ಈ ಬರಹದಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೆಪಟೈಟಿಸ್ ಸಿ ಇರುವವರಲ್ಲಿ ಈ ದೂರು ಬಹಳ ಸಾಮಾನ್ಯ. ರಕ್ತಪರೀಕ್ಷೆಯಲ್ಲಿ ಕಾಣುವಂಥದ್ದಲ್ಲವಾದ್ದರಿಂದ ವೈದ್ಯರಾದ ನಾವು ಕಿವಿಗೊಡುವುದು ಕಡಿಮೆ. ಪತ್ರಿಕೆಯ ಒಂದೇ ಸಾಲನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಒಳಗಿನ ಕೋಣೆಗೆ ಯಾಕೆ ಬಂದೆ ಎಂಬುದೇ ಹೊಳೆಯುವುದಿಲ್ಲ. ಬೀಗರ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಜೊತೆಗೆ, ಮಲಗಿ ಎದ್ದರೂ ಹೋಗದ ಆಯಾಸ. ಇದು ವಯಸ್ಸಾದವರಿಗೆ ಬರುವ ಅಲ್ಝೈಮರ್ ಬಗೆಯ ಮರೆವಲ್ಲ. ಅಲ್ಲಿ ಹೊಸ ನೆನಪು ಕೂಡುವುದೇ ಇಲ್ಲ. ಇಲ್ಲಿ ನೆನಪು ಒಳಗಿರುತ್ತದೆ, ಒಂದು ಸುಳಿವು ಕೊಟ್ಟರೆ ಹೊರಬರುತ್ತದೆ. ಕೆಟ್ಟಿರುವುದು ಗಮನ ಮತ್ತು ವೇಗ. ಎರಡು ಕೆಲಸ ಒಟ್ಟಿಗೆ ಬಂದರೆ ತಲೆ ನಿಂತುಹೋಗುತ್ತದೆ.

ಲಿವರ್‌ನ ವೈರಸ್ಸಿಗೂ ತಲೆಗೂ ಏನು ಸಂಬಂಧ? 2001ರಲ್ಲಿ ಲಂಡನ್ನಿನ ಸಂಶೋಧಕರು, ಲಿವರ್ ಇನ್ನೂ ಹೆಚ್ಚು ಕೆಟ್ಟಿರದ ಹೆಪಟೈಟಿಸ್ ಸಿ ರೋಗಿಗಳ ಮಿದುಳನ್ನು ವಿಶೇಷ ಎಂಆರ್ ವಿಧಾನದಿಂದ ನೋಡಿ, ಅಲ್ಲಿನ ರಾಸಾಯನಿಕಗಳಲ್ಲಿ ವ್ಯತ್ಯಾಸವಿದೆ ಎಂದು ಪ್ರಕಟಿಸಿದರು. ಆಮೇಲಿನ ಅಧ್ಯಯನಗಳಲ್ಲಿ ಮಿದುಳಿನ ಅಂಗಾಂಶದಲ್ಲೂ ವೈರಸ್ಸಿನ ಕುರುಹು ಸಿಕ್ಕಿದೆ. ವರ್ಷಗಟ್ಟಲೆ ವೈರಸ್ಸಿನೊಡನೆ ಗುದ್ದಾಡುವ ದೇಹ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತದೆ, ಅವು ಮಿದುಳಿನ ಕಾವಲು ಕೋಶಗಳನ್ನು ಕೆರಳಿಸುತ್ತವೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ಈ ಬಗೆಯ ಮಬ್ಬು ಸೌಮ್ಯ. ತಿಂಗಳುಗಟ್ಟಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಬದುಕನ್ನು ಬೇಸರಗೊಳಿಸುತ್ತದೆ, ಪ್ರಾಣಕ್ಕೆ ಎರವಾಗುವುದಿಲ್ಲ.

ಪ್ರಾಣಕ್ಕೆ ಎರವಾಗುವ ಮಬ್ಬು ಬೇರೆಯೇ ಇದೆ. ಎರಡೂ ಶುರುವಿನಲ್ಲಿ ಒಂದೇ ತರಹ ಕಾಣುತ್ತವೆ ಎಂಬುದೇ ನಾನು ಇದನ್ನು ಬರೆಯಲು ಕಾರಣ.

ನಾವು ತಿಂದ ಅನ್ನ, ಬೇಳೆಯಿಂದ ಕರುಳಿನ ಬ್ಯಾಕ್ಟೀರಿಯಾಗಳು ಅಮೋನಿಯಾ ತಯಾರಿಸುತ್ತವೆ. ಆರೋಗ್ಯವಂತ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದ ದಾರಿ ಹಿಡಿಸುತ್ತದೆ. ಹೆಪಟೈಟಿಸ್ ಸಿ ದೀರ್ಘಕಾಲ ಉಳಿದವರಲ್ಲಿ ಶೇಕಡಾ 15ರಿಂದ 30ರಷ್ಟು ಜನರಿಗೆ ಸುಮಾರು 20 ವರ್ಷಗಳಲ್ಲಿ ಲಿವರ್ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ಆಗ ಕರುಳಿನಿಂದ ಬಂದ ರಕ್ತ ಲಿವರ್ ಒಳಗೆ ಹೋಗಲಾರದೆ ಅಡ್ಡದಾರಿಯ ನಾಳಗಳಲ್ಲಿ ಹರಿದು, ಅಮೋನಿಯಾ ನೇರವಾಗಿ ತಲೆಗೇರುತ್ತದೆ. ಮೊದಮೊದಲು ಸಣ್ಣ ತಪ್ಪುಗಳು, ನಿದ್ದೆಯ ಏರುಪೇರು. ಆಮೇಲೆ ಗಲಿಬಿಲಿ, ಅಸಂಬದ್ಧ ಮಾತು, ಕೊನೆಗೆ ಎಚ್ಚರ ತಪ್ಪುವುದು. ಕಣ್ಣು ಹಳದಿಯಾಗಿರಲೇಬೇಕು ಎಂದೇನೂ ಇಲ್ಲ. "ಕಾಮಣಿ ಇಲ್ಲ, ಅಂದಮೇಲೆ ಲಿವರ್ ಸರಿ ಇದೆ" ಎಂಬ ಲೆಕ್ಕ ತಪ್ಪು. ಲಿವರ್‌ಗೆಂದು ಮಾಡಿಸುವ ಎಸ್‌ಜಿಪಿಟಿ ರಕ್ತಪರೀಕ್ಷೆ ಸರಿ ಬಂದರೂ ಸಿರೋಸಿಸ್ ಇರಬಹುದು. ಹಳೆಯ ವರದಿಗಳಲ್ಲಿ ನಾನು ಮೊದಲು ಹುಡುಕುವುದು ಪ್ಲೇಟ್‌ಲೆಟ್ ಸಂಖ್ಯೆಯನ್ನು. ಬೇರೆ ಕಾರಣವಿಲ್ಲದೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಲಿವರ್ ಗಟ್ಟಿಯಾಗುತ್ತಿದೆ ಎಂದು ಅನುಮಾನಿಸಿ ಸ್ಕ್ಯಾನಿಂಗ್ ಮಾಡಿಸುತ್ತೇನೆ, ಸಾಧ್ಯವಿದ್ದಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಕೂಡ. ಅಮೋನಿಯಾ ಪರೀಕ್ಷೆಯೊಂದನ್ನೇ ನಂಬಿ ಕೂರುವಂತಿಲ್ಲ. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಲ್ಯಾಬ್‌ಗೆ ಮುಟ್ಟಿಸದಿದ್ದರೆ ಅಂಕಿಯೇ ಸುಳ್ಳಾಗುತ್ತದೆ.

ಹಾಗಾದರೆ ಯಾವ ಮಬ್ಬು ಎಂದು ತಿಳಿಯುವುದು ಹೇಗೆ? ರೋಗಿಯನ್ನು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ವಿಚಿತ್ರವೆಂದರೆ ವೈರಸ್ಸಿನ ಮಬ್ಬು ಇರುವವರು ತಮ್ಮ ಮರೆವಿನ ಬಗ್ಗೆ ಸವಿಸ್ತಾರವಾಗಿ ಹೇಳುತ್ತಾರೆ, ಅಮೋನಿಯಾದ ಮಬ್ಬು ಕವಿದವರು ಅನೇಕ ಸಲ "ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ" ಎನ್ನುತ್ತಾರೆ. ಆದ್ದರಿಂದ ಜೊತೆಗೆ ಬಂದ ಹೆಂಡತಿಯನ್ನೋ ಮಗನನ್ನೋ ಕೇಳುತ್ತೇನೆ. ಮೊದಲ ಪ್ರಶ್ನೆ ನಿದ್ದೆಯದು. ಲಿವರ್ ಸೋತವರಿಗೆ ರಾತ್ರಿ ನಿದ್ದೆ ಬಾರದು, ಹಗಲು ತೂಕಡಿಕೆ ಬಿಡದು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಮಧ್ಯಾಹ್ನ ಅಡ್ಡಾಗದವರು ಯಾರಿದ್ದಾರೆ? ಪಠ್ಯಪುಸ್ತಕದ ಪ್ರಶ್ನೆ ಬೇಸಿಗೆಯಲ್ಲಿ ಇಲ್ಲಿ ಕೆಲಸಕ್ಕೆ ಬಾರದು. "ರಾತ್ರಿ ಎರಡು ಗಂಟೆಗೆ ಇವರು ಏನು ಮಾಡುತ್ತಿರುತ್ತಾರೆ?" ಎಂದು ಕೇಳಬೇಕು. ಅಂಗಳದಲ್ಲಿ ಅಡ್ಡಾಡುತ್ತಾರೆ, ಬೀರು ತೆಗೆದು ಹಾಕುತ್ತಾರೆ ಎಂಬ ಉತ್ತರ ಬಂದರೆ ಕಿವಿ ನಿಮಿರುತ್ತದೆ. ಆಮೇಲೆ ಅಂಗಿಯ ಗುಂಡಿ, ಮೊಬೈಲ್ ರೀಚಾರ್ಜ್, ಸಹಿ. ಸಹಿ ಹೊಂದುವುದಿಲ್ಲ ಎಂದು ಬ್ಯಾಂಕಿನಿಂದ ಚೆಕ್ ವಾಪಸ್ ಬಂದದ್ದು ಎಷ್ಟೋ ಸಲ ಮನೆಯವರಿಗೆ ಆಗ ನೆನಪಾಗುತ್ತದೆ.

ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳುತ್ತೇನೆ. ಕೈ ತಟಕ್ಕನೆ ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಅದು ಲಿವರ್ ಕಡೆಯ ಮಬ್ಬಿನ ದೊಡ್ಡ ಸೂಚನೆ. ಇನ್ನೊಂದು ಪರೀಕ್ಷೆಗೆ ಗಡಿಯಾರವೊಂದು ಸಾಕು. ಸಿರೋಸಿಸ್ ಇರುವವರು ಒಂದು ನಿಮಿಷದಲ್ಲಿ ತೋಚಿದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ವಯಸ್ಸು, ಓದು ಎರಡನ್ನೂ ಗಮನದಲ್ಲಿಟ್ಟು ನೋಡಿದಾಗ 15 ದಾಟಿದರೆ ಸಾಮಾನ್ಯವಾಗಿ ನಿರಾಳ, 10ಕ್ಕಿಂತ ಕಡಿಮೆಯಾದರೆ ಅನುಮಾನ ಗಟ್ಟಿಯಾಗುತ್ತದೆ. ಎತ್ತು, ಆಕಳು, ಕರು ಬೇರೆ ಬೇರೆ ಎಂದು ಎಣಿಸಬೇಕೋ ಒಂದೇ ಎಂದೋ ಎಂಬುದು ಜಿಜ್ಞಾಸೆಯ ವಿಷಯ. ನಾನು ಬೇರೆ ಎಂದೇ ಎಣಿಸುತ್ತೇನೆ. ಎತ್ತು, ಆಕಳು ಎರಡೂ ಒಂದೇ ಎಂದು ಮಾನ್ವಿಯ ರೈತನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಅಮೋನಿಯಾದ ಮಬ್ಬು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಏನಾದರೊಂದು ನೆಪ ಸಿಕ್ಕರೆ ಏರುತ್ತದೆ. ಮಲಬದ್ಧತೆ ದೊಡ್ಡ ನೆಪ. ಹೊಟ್ಟೆಯ ನೀರು ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ಹೊಲಕ್ಕೆ ಹೋಗಿ ಬೆವರು ಸುರಿಸಿದರೆ, ಇಲ್ಲವೇ ವಾಂತಿಭೇದಿ ಆದರೆ, ಎರಡೇ ದಿನದಲ್ಲಿ ಗಲಿಬಿಲಿಗೊಳ್ಳುತ್ತಾರೆ. ಜ್ವರ, ಸೋಂಕು, ಡಾಂಬರಿನಂತೆ ಕಪ್ಪಾದ ಮಲ ಇವೂ ಅಷ್ಟೇ. ಮಲ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ, ಬೆಳಗಿನವರೆಗೂ ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಬೇಕು. ಇವೆಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ನಿದ್ದೆ ಮಾತ್ರೆ. ರಾತ್ರಿ ಮಲಗುವುದಿಲ್ಲ ಎಂದು ಮನೆಯವರು ಔಷಧದ ಅಂಗಡಿಯಲ್ಲಿ ಕೇಳುತ್ತಾರೆ, ಚೀಟಿಯಿಲ್ಲದೆ ಅಲ್ಪ್ರಜೋಲಾಮ್ ಸಿಗುತ್ತದೆ. ಸಿರೋಸಿಸ್ ಇರುವವರನ್ನು ಕೋಮಾಕ್ಕೆ ತಳ್ಳಲು ಅದೊಂದು ಸಾಕು.

ಇದಕ್ಕೆ ಮುಖ್ಯ ಔಷಧಿ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಷ್ಟು ಕುಡಿಯಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಲಿಂಗಸುಗೂರಿನಿಂದಲೋ ದೇವದುರ್ಗದಿಂದಲೋ ಬಸ್ಸಿನಲ್ಲಿ ಬರುವವರು ದಾರಿಯಲ್ಲಿ ಫಜೀತಿ ಬೇಡವೆಂದು ಹಿಂದಿನ ದಿನವೇ ಸಿರಪ್ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ವೈದ್ಯರ ಮುಂದೆ ಕೂರುವ ದಿನವೇ ತಲೆ ಹೆಚ್ಚು ಮಂಕಾಗಿರುತ್ತದೆ. ನಿಲ್ಲಿಸುವ ಬದಲು ಸಂಜೆಯ ಬಸ್ಸು ಹಿಡಿದು ಬಂದು ನೆಂಟರ ಮನೆಯಲ್ಲಿ ಉಳಿಯಿರಿ ಎಂದು ಹೇಳುತ್ತೇನೆ. ಮತ್ತೆ ಮತ್ತೆ ಮಬ್ಬು ಕವಿಯುವವರಿಗೆ ರಿಫಾಕ್ಸಿಮಿನ್ ಮಾತ್ರೆಯನ್ನೂ ಸೇರಿಸುತ್ತೇವೆ.

ಇನ್ನು ಪಥ್ಯ. ಲಿವರ್ ಎಂದೊಡನೆ ನಮ್ಮ ಕಡೆ ಎಣ್ಣೆ ಬಂದ್, ಬೇಳೆ ಬಂದ್, ಹಾಲು ಬಂದ್, ಬರೀ ಗಂಜಿ. ಮುಂಗೈಗೆ ಬರೆ ಹಾಕಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ತಪ್ಪು ಹಳ್ಳಿಯವರದ್ದಷ್ಟೇ ಅಲ್ಲ. ಪ್ರೋಟೀನಿನಿಂದ ಅಮೋನಿಯಾ ಬರುವುದರಿಂದ ಪ್ರೋಟೀನ್ ಕಡಿಮೆ ಮಾಡಿ ಎಂದು ವೈದ್ಯರೇ ದಶಕಗಟ್ಟಲೆ ಹೇಳಿದ್ದೆವು. ಈಗ ಆ ಸಲಹೆ ಪೂರ್ತಿ ತಿರುಗಿದೆ. ಸೋತ ಲಿವರ್ ಬಿಟ್ಟುಕೊಟ್ಟ ಅಮೋನಿಯಾವನ್ನು ಮಾಂಸಖಂಡಗಳು ಹೀರಿಕೊಳ್ಳುತ್ತವೆ. ಗಂಜಿ ಕುಡಿದು ತೋಳು-ತೊಡೆ ಕರಗಿದರೆ ಆ ಆಸರೆಯೂ ಹೋಗುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಜೋಳದ ರೊಟ್ಟಿ, ಹೆಸರುಕಾಳು, ತೊಗರಿಬೇಳೆ, ಮೊಸರು ಧಾರಾಳವಾಗಿ ತಿನ್ನಬಹುದು. ಕಾಳು ಮತ್ತು ಹಾಲಿನ ಪ್ರೋಟೀನ್ ಇಂಥವರಿಗೆ ಹೆಚ್ಚು ಒಗ್ಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಬೇಕು, ಆದ್ದರಿಂದ ಉಪ್ಪಿನಕಾಯಿ, ಹಪ್ಪಳ ಬೇಡ. ಮಲಗುವ ಮುನ್ನ ಏನಾದರೂ ತಿನ್ನಲೇಬೇಕು. ಗಟ್ಟಿಯಾದ ಲಿವರ್ ರಾತ್ರಿಗಾಗಿ ಸಕ್ಕರೆ ಕೂಡಿಡಲಾರದು, ಬರಿಹೊಟ್ಟೆಯಲ್ಲಿ ಮಲಗಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಶ್ರಾವಣ ಸೋಮವಾರವಿರಲಿ, ರಂಜಾನ್ ಇರಲಿ, ಸಿರೋಸಿಸ್ ಇರುವವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.

ಎಲ್ಲವನ್ನೂ ಲಿವರ್ ಮೇಲೋ ವೈರಸ್ ಮೇಲೋ ಹೊರಿಸುವುದೂ ಸರಿಯಲ್ಲ. ನಿವೃತ್ತಿಗೆ ಹತ್ತಿರವಿದ್ದ ಶಿಕ್ಷಕಿಯೊಬ್ಬರಿಗೆ ಹೆರಿಗೆಯ ಸಮಯದಲ್ಲಿ ರಕ್ತ ಕೊಟ್ಟಿದ್ದರು. ಅದು ತೊಂಬತ್ತರ ದಶಕ. ಹೆಪಟೈಟಿಸ್ ಸಿ ವೈರಸ್ ಗುರುತಾದದ್ದೇ 1989ರಲ್ಲಿ, ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಅದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಹಿಂದೆ ರಕ್ತ ಪಡೆದವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸುಸ್ತಿಗೆಂದು ಹಳ್ಳಿಗಳಲ್ಲಿ ಕಂಡಕಂಡಲ್ಲಿ ಸೂಜಿ, ಸಲಾಯಿನ್ ಹಾಕಿಸಿಕೊಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರೂ ಅಷ್ಟೇ. ಈ ಶಿಕ್ಷಕಿಗೆ ವೈರಸ್ ಇದ್ದದ್ದು ನಿಜ, ಆದರೆ ಮಕ್ಕಳ ಹೆಸರು ಮರೆಯಲು ಮುಖ್ಯ ಕಾರಣ ಥೈರಾಯ್ಡ್ ಆಗಿತ್ತು. ಹೆಪಟೈಟಿಸ್ ಸಿ ಜೊತೆ ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಖಿನ್ನತೆ ಇರುವುದು ಅಪರೂಪವಲ್ಲ. ರಕ್ತಹೀನತೆ, ಬಿ12 ಕೊರತೆ ನಮ್ಮ ಭಾಗದಲ್ಲಿ ಯಾರಿಗಾದರೂ ಇರಬಹುದು. ಕುಡಿತವೂ ಇರಬಹುದು, ಅದನ್ನು ಮುಚ್ಚಿಡದೆ ಹೇಳಬೇಕು. ಖಿನ್ನತೆಯ ಬಗ್ಗೆ ಇನ್ನೊಂದು ಮಾತು: ಈ ರೋಗವಿದೆ ಎಂದು ತಿಳಿದೊಡನೆ ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡುತ್ತಾರೆ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಅಪ್ಪಿಕೊಂಡರೆ ಹೆಪಟೈಟಿಸ್ ಸಿ ಹರಡುವುದಿಲ್ಲ. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಬೇರೆ ಇಡಬೇಕಾದದ್ದು ಬ್ಲೇಡು, ಹಲ್ಲುಜ್ಜುವ ಬ್ರಷ್ ಇಂಥವು ಮಾತ್ರ. ಮನೆಯಲ್ಲೇ ಮುಟ್ಟಿಸಿಕೊಳ್ಳದಂತಾದ ಮನುಷ್ಯನ ತಲೆ ಚುರುಕಾಗಿ ಓಡಬೇಕು ಎಂದು ನಿರೀಕ್ಷಿಸುವುದಾದರೂ ಹೇಗೆ?

ಚಿಕಿತ್ಸೆಯ ವಿಷಯ ಈಗ ಸರಳ. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಆರು ತಿಂಗಳಿಂದ ವರ್ಷದವರೆಗೆ ಕೊಡುತ್ತಿದ್ದರು. ಅದು ತಾನೇ ಖಿನ್ನತೆ, ಮಂಕು ತರುತ್ತಿತ್ತು. ಈಗಿನ ಸೋಫೋಸ್ಬುವಿರ್ ಜೊತೆಗಿನ ಮಾತ್ರೆಗಳನ್ನು ಹೆಚ್ಚಿನವರು 12 ವಾರ ನುಂಗಿದರೆ ಸಾಕು, ಶೇಕಡಾ 95ರಷ್ಟು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಸಿರೋಸಿಸ್ ಇದ್ದವರಿಗೆ ಮಾತ್ರೆಯ ಜೋಡಿ ಮತ್ತು ಅವಧಿ ಬದಲಾಗಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ರಾಯಚೂರಿನ ರಿಮ್ಸ್, ಬಳ್ಳಾರಿ ಮತ್ತು ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ, ಸಾಲ ಮಾಡಿ ಹೈದರಾಬಾದಿಗೆ ಹೊರಡುವ ಮುನ್ನ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ನೋಡಲೇಬೇಕು. ಫಿಟ್ಸ್ ಮಾತ್ರೆ, ಟಿಬಿ ಔಷಧಿ, ಹೃದಯದ ಅಮಿಯೋಡರೋನ್, ಅಸಿಡಿಟಿಗೆ ದಿನವೂ ನುಂಗುವ ಮಾತ್ರೆ ಇವೆಲ್ಲ ಈ ಚಿಕಿತ್ಸೆಗೆ ಅಡ್ಡ ಬರಬಲ್ಲವು, ಒಂದನ್ನೂ ಬಿಡದೆ ತಿಳಿಸಿ.

ವೈರಸ್ ಹೋದರೆ ಮಬ್ಬು ಹೋಗುತ್ತದೆಯೇ? ಬಹಳ ಜನರಿಗೆ ಕೆಲವು ತಿಂಗಳುಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ, ಎಲ್ಲರಿಗೂ ಅಲ್ಲ. ನಮ್ಮ ಗುಮಾಸ್ತರಿಗೆ ಸಿರೋಸಿಸ್ ಇರಲಿಲ್ಲ. ಚಿಕಿತ್ಸೆಯ ನಂತರ ಲೆಕ್ಕ ಮೊದಲಿನಷ್ಟಲ್ಲದಿದ್ದರೂ ಕೈಗೆ ಬಂತು. ಅಲ್ಲಿಯವರೆಗೆ ಮುಖ್ಯವಾದ ಕೂಡಿಕೆಯನ್ನು ಬೆಳಿಗ್ಗೆಯೇ ಮುಗಿಸುವಂತೆ, ಆ ಹೊತ್ತಿನಲ್ಲಿ ಫೋನ್ ದೂರ ಇಡುವಂತೆ ಹೇಳಿದ್ದೆ. ಸಿರೋಸಿಸ್ ಆಗಿದ್ದವರ ಕಥೆ ಬೇರೆ. ವೈರಸ್ ಹೋದರೂ ಗಂಟುಗಟ್ಟಿದ ಲಿವರ್ ಉಳಿದಿರುತ್ತದೆ, ಅಮೋನಿಯಾದ ಮಬ್ಬು ಮರಳಬಹುದು. ಸಂಡೂರಿನ ಕಡೆ ಅದಿರು ಲಾರಿ ಓಡಿಸುವವರೊಬ್ಬರಿಗೆ, ಕೈ ನಡುಕವಿಲ್ಲ, ಮಾತು ಸರಿಯಿದೆ, ಆದರೂ ಸ್ಟಿಯರಿಂಗ್ ಮುಟ್ಟಬೇಡಿ ಎಂದು ಹೇಳಬೇಕಾಯಿತು. ಈ ಮಬ್ಬು ಹೊರಗೆ ಕಾಣದಷ್ಟು ಇರುವಾಗಲೂ ವಾಹನದ ಮೇಲಿನ ಹಿಡಿತ ತಪ್ಪುತ್ತದೆ ಎಂಬುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ಹೊಟ್ಟೆಪಾಡಿನ ಪ್ರಶ್ನೆ, ಒಪ್ಪಿಸಲು ಅವರ ಅಣ್ಣನನ್ನು ಕರೆಸಬೇಕಾಯಿತು.

ಕೊನೆಗೆ ಎರಡು ಕಾಗದದ ಮಾತು. ಗುಣವಾದ ಮೇಲೂ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆ ಜೀವಮಾನವಿಡೀ ಪಾಸಿಟಿವ್ ಬರುತ್ತಿರುತ್ತದೆ. ಯಾರಾದರೂ ಮತ್ತೆ ಹೆದರಿಸಿದರೆ ತೋರಿಸಲು, ಮಾತ್ರೆ ಮುಗಿದ 12 ವಾರಗಳ ನಂತರದ, ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯ ನೆಗೆಟಿವ್ ವರದಿಯನ್ನು ಜೋಪಾನವಾಗಿಡಿ. ಸಿರೋಸಿಸ್ ಆಗಿದ್ದವರು ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗ್ ಮಾಡಿಸಬೇಕು, ಕ್ಯಾನ್ಸರ್‌ನ ಭಯ ಪೂರ್ತಿ ಹೋಗಿರುವುದಿಲ್ಲ. ಆ ದಿನಾಂಕವನ್ನು ನೆನಪಿಡುವ ಕೆಲಸವನ್ನು ರೋಗಿಗೆ ಬಿಡಬೇಡಿ, ಮನೆಯ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ.